ಹೆಸರಿನ ಹೊಲ

ಜ್ವರ ಬಂದು ಒಂದು ದಿನ ನಾನು ಶಾಲೆಗೆ ಹೋಗದಿದ್ದರೆ ಮಾರನೆಯ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹಲಗಯ್ಯ ಜಗಲಿಯ ಮೇಲೆ ಕೂತಿರುತ್ತಿದ್ದ. ನನ್ನ ಯೋಗಕ್ಷೇಮ ವಿಚಾರಿಸಲು ಬಂದಿದ್ದ ಅಂತ ಯಾರೂ ತಿಳಿಯಬೇಡಿ. "ನೆನ್ನೆ ಐದ್ನೇ ಕಲಾಸಿಗೆ ಯಾರೂ ಓಗ್ನೇ ಇಲ್ವಂತೆ ಮೇಡಮ್ಮಾರೇ. ಬಡಗಣ ಸಾಲು ಒಂದ್ ಎಲೆ ಬುಟ್ಟಿಲ್ಲ" ಅನ್ನುತ್ತಿದ್ದ. ಶಾಲು ಹೊದ್ದು, ಮೂಗು ಒರೆಸಿಕೊಳ್ಳುತ್ತ ನಿಂತ ನನ್ನನ್ನು ಕೆಟ್ಟುಹೋದ ಪಂಪ್‌ಸೆಟ್ಟನ್ನು ನೋಡುವ ಹಾಗೆ ಮೇಲಿಂದ ಕೆಳಗೆ ನೋಡುತ್ತಿದ್ದ. ಆಮೇಲೆ ಕಾಫಿ ಕುಡಿದುಕೊಂಡೇ ಹೋಗುತ್ತಿದ್ದ.

ನಮ್ಮ ಊರಿನ ಶಾಲೆ ನಡೆಯುವುದು ದತ್ತಿ ಹೊಲದ ಗುತ್ತಿಗೆಯಿಂದ. ಗುರುಸಿದ್ದಮ್ಮ ಎಂಬ ಮಕ್ಕಳಿಲ್ಲದ ಮುದುಕಿ, ಊರ ಮಕ್ಕಳು ಓದಲಿ ಅಂತ ಬರೆದುಕೊಟ್ಟು ಹೋದ ಹೊಲ. ಮಾರುವ ಹಾಗಿಲ್ಲ, ಅಡ ಇಡುವ ಹಾಗಿಲ್ಲ. ವರ್ಷಕ್ಕೊಮ್ಮೆ ಗುತ್ತಿಗೆಗೆ ಕೊಟ್ಟು, ಬಂದದ್ದರಲ್ಲಿ ಮೇಷ್ಟ್ರುಗಳ ಸಂಬಳ, ಮಕ್ಕಳ ಪುಸ್ತಕ, ಸೋರುವ ಹೆಂಚು ಎಲ್ಲವನ್ನೂ ತೂಗಿಸಬೇಕು. ಇಂಥ ಹೊಲಗಳು ಬೇರೆ ಊರಲ್ಲೂ ಇರಬಹುದು. ನಮ್ಮ ಹೊಲ ಮಾತ್ರ, ಶಾಲೆಯ ಒಳಗೆ ಯಾರಾದರೂ ಏನಾದರೂ ಹೊಸದು ಕಲಿತ ದಿನವಷ್ಟೇ ಬೆಳೆಯುತ್ತದೆ. ಭಾನುವಾರ ಬೆಳೆಯುವುದಿಲ್ಲ. ಹಬ್ಬಕ್ಕೆ ಬೆಳೆಯುವುದಿಲ್ಲ. ಹಳೆಯ ಪಾಠವನ್ನೇ ತಿರುಗಿ ಹೇಳಿಸಿದರೂ ಬೆಳೆಯುವುದಿಲ್ಲ. ಪರೀಕ್ಷೆಯ ವಾರದಲ್ಲಂತೂ ಪೈರು ಬಾಡುವುದೂ ಇಲ್ಲ, ಚಿಗುರುವುದೂ ಇಲ್ಲ, ನಿಂತಲ್ಲೇ ನಿಂತಿರುತ್ತದೆ. ನೀರು, ಗೊಬ್ಬರ, ಕಳೆ ಕೀಳುವುದು ಎಲ್ಲ ಬೇರೆ ಹೊಲದಷ್ಟೇ ಬೇಕು, ಅದರ ಮೇಲೆ ಪಾಠವೂ ಬೇಕು.

ಊರಿಗೆ ಇದು ರೂಢಿಯಾಗಿ ಹೋಗಿದೆ. ಯಾರಾದರೂ ದೊಡ್ಡ ಮನುಷ್ಯರು ತೀರಿಕೊಂಡು ಶಾಲೆಗೆ ರಜೆ ಸಾರಿದರೆ ಇಡೀ ಊರಲ್ಲಿ ನಿಜವಾದ ಕಣ್ಣೀರು ಹಾಕುವವನು ಗುತ್ತಿಗೆದಾರ ಹಲಗಯ್ಯ ಒಬ್ಬನೇ. ಜೂನಿನಲ್ಲಿ ಒಂದನೇ ತರಗತಿಗೆ ಮಕ್ಕಳನ್ನು ಸೇರಿಸಿ ಅಂತ ಮನೆ ಮನೆ ಅಲೆಯುವವನೂ ಅವನೇ, ಯಾಕೆಂದರೆ ಚಿಕ್ಕವರು ಕಲಿತಷ್ಟು ಬೇಗ ದೊಡ್ಡವರು ಕಲಿಯುವುದಿಲ್ಲ. ಯಾವ ಮೇಷ್ಟ್ರ ಪಾಠ ಹೇಗೆ ಅನ್ನುವುದನ್ನು ಇನ್ಸ್‌ಪೆಕ್ಟರು ಬಂದು ಹೇಳಬೇಕಾಗಿಲ್ಲ. "ನಿಮ್ ಲೆಕ್ಕದ ಮೇಷ್ಟ್ರು ಬಿನ್ನರಾಸಿ ಸುರು ಮಾಡುದ್ರೆ ನಮ್ ಒಲ ಮಕಾಡೆ ಮಲೀಕತದೆ" ಅಂತ ಹಲಗಯ್ಯ ಸಂತೆಯಲ್ಲಿ ನಿಂತು ಸಾರಿದ್ದನ್ನು ಕೇಳಿ ಆ ಮೇಷ್ಟ್ರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು. ನಾನು ಈ ಶಾಲೆಯ ಹೆಡ್‌ಮೇಡಂ. ಆ ತಪ್ಪಿಗೆ ದತ್ತಿ ಸಮಿತಿಯ ಕಾರ್ಯದರ್ಶಿಯೂ ನಾನೇ. ಪಾಠ ನಿಂತರೆ ಬೈಗುಳ ನನಗೆ, ಪೈರು ನಿಂತರೂ ಬೈಗುಳ ನನಗೆ. ಅತ್ತ ದರಿ, ಇತ್ತ ಪುಲಿ.

ಹಲಗಯ್ಯ ಅರವತ್ತು ದಾಟಿದ ಆಳು. ನಾನು ಈ ಊರಿಗೆ ಬರುವುದಕ್ಕೂ ಮುಂಚಿನಿಂದ ಆ ಹೊಲ ಅವನ ಗುತ್ತಿಗೆಯಲ್ಲಿತ್ತು. ವರ್ಷಾವರ್ಷ ಹರಾಜಿನ ದಿನ, "ಯಾರ ಹೆಸರಿಗೆ?" ಅಂತ ನಾನು ಕೇಳಬೇಕು, "ಅಲಗಯ್ಯ, ಬರ್ಕೊಳಿ" ಅಂತ ಅವನು ಹೇಳಬೇಕು. ಅವನ ನಾಲಗೆಯಲ್ಲಿ ಹಕಾರ ಇಲ್ಲ ಅನ್ನುವುದು ಊರಿಗೇ ಗೊತ್ತು. ಹಾಲು ಆಲು, ಹಬ್ಬ ಅಬ್ಬ, ಹೊಲ ಒಲ. ನಾನು 'ಹಲಗಯ್ಯ' ಅಂತ ತಿದ್ದಿ ಬರೆಯುತ್ತಿದ್ದೆ, ಅವನು ಕೆಳಗೆ ಹೆಬ್ಬೆಟ್ಟು ಒತ್ತುತ್ತಿದ್ದ. ನನಗಿಂತ ಮುಂಚಿನವರೂ ಹಾಗೆಯೇ ಬರೆದುಕೊಂಡು ಬಂದಿದ್ದರು. ಚೌಕಾಸಿಯಲ್ಲಿ ಮಾತ್ರ ಅವನ ನಾಲಗೆಗೆ ಯಾವ ಕೊರತೆಯೂ ಇರಲಿಲ್ಲ.

ಆ ವರ್ಷ ಮುಂಗಾರಿನಲ್ಲಿ ಜೋಳ ಎದೆಮಟ್ಟ ಬಂದಿತ್ತು. ಸರಿಯಾಗಿ ಆಗಲೇ ಸರ್ಕಾರ ನಮ್ಮನ್ನೆಲ್ಲ ಜನಗಣತಿಗೆ ಓಡಿಸಿತು. ಮೇಷ್ಟ್ರುಗಳೆಲ್ಲ ಮನೆ ಮನೆಗೆ ಹೋಗಿ ತಲೆ ಎಣಿಸುತ್ತ ಕೂತರೆ ಶಾಲೆಯಲ್ಲಿ ಯಾರಿಗೆ ಯಾರು ಏನು ಕಲಿಸುವುದು? ನಾವು ತಿರುಗಿ ಬರುವಷ್ಟರಲ್ಲಿ ಮಳೆ ಹೋಗಿತ್ತು, ಜೋಳ ತೆನೆ ಕಟ್ಟದೆ ದನದ ಪಾಲಾಗಿತ್ತು. ಗುತ್ತಿಗೆ ಹಣ ಬರಲಿಲ್ಲ. ನಾವು ಹತ್ತನೇ ತರಗತಿ ತೆರೆಯಬೇಕು ಅಂದುಕೊಂಡಿದ್ದ ವರ್ಷವೇ ಹೀಗಾಯಿತು. ನಮ್ಮಲ್ಲಿ ಒಂಬತ್ತರವರೆಗೆ ಮಾತ್ರ ಇತ್ತು. ಹತ್ತಕ್ಕೆ ಹೊಳೆ ದಾಟಬೇಕು, ಹೆಣ್ಣುಮಕ್ಕಳನ್ನು ಯಾರೂ ದಾಟಿಸುತ್ತಿರಲಿಲ್ಲ. ಒಂಬತ್ತು ಮುಗಿಸಿದ ಹುಡುಗಿಯರಲ್ಲಿ ಚೆಲುವಾಜಿ ಅಂತ ಒಬ್ಬಳಿದ್ದಳು. "ಊರಲ್ಲೇ ಹತ್ತನೇ ಕ್ಲಾಸು ತೆಗುದ್ರೆ ಓದು, ತೆಗೀದಿದ್ರೆ ಮದುವೆ" ಅಂತ ಅವಳಪ್ಪ ಹೇಳಿಬಿಟ್ಟಿದ್ದ. ಗಂಡೂ ಗೊತ್ತಾಗಿತ್ತು. ಅವಳು ದಾರಿಯಲ್ಲಿ ಸಿಕ್ಕಾಗಲೆಲ್ಲ "ತೆಗೀತೀರಾ ಮಿಸ್?" ಅಂತ ಕೇಳುತ್ತಿದ್ದಳು. ಅವಳನ್ನು ತಪ್ಪಿಸಿಕೊಳ್ಳಲು ನಾನು ಸುತ್ತುದಾರಿ ಹಿಡಿಯಲು ಶುರು ಮಾಡಿದೆ.

ಸಮಿತಿಯ ಅಧ್ಯಕ್ಷ ದೇಪಣ್ಣ ಒಳ್ಳೆಯ ಮನುಷ್ಯನೇ. ಯಾರು ಕೊನೆಗೆ ಮಾತಾಡಿದರೋ ಅವರದೇ ಸರಿ ಅನ್ನಿಸುವಷ್ಟು ಒಳ್ಳೆಯವನು. ಆ ಸಲ ಕೊನೆಗೆ ಮಾತಾಡಿದವನು, ಹೊಲವನ್ನು ಇಟ್ಟಿಗೆ ಮಣ್ಣಿಗೆ ಗುತ್ತಿಗೆ ಕೊಡಿ ಅಂತ ಬಂದ ಇಟ್ಟಿಗೆ ಗೂಡಿನ ಚನ್ನಿಗರಾಯ.

"ನೋಡಿ ಮೇಡಂ, ಇಟ್ಟಿಗೆಗೆ ಪಾಠ ಬೇಡ. ಭಾನುವಾರಾನೂ ಒಂದೇ, ಸೋಮವಾರಾನೂ ಒಂದೇ. ಮಣ್ಣು ಅಗೆದ್ರೆ ದುಡ್ಡು. ನೀವು ಆರಾಮಾಗಿ ರಜ ಕೊಟ್ಕೊಂಡು ಇರಬಹುದು" ಅಂದ ದೇಪಣ್ಣ.

"ಮಣ್ಣು ಅಗೆದ ಮೇಲೆ ಹೊಲ ಎಲ್ಲಿರುತ್ತೆ ಸಾರ್?"

"ಗುಂಡಿ ಇರುತ್ತೆ. ಗುಂಡೀನೂ ದತ್ತೀದೇ ತಾನೆ?"

ನಾನು ಮೇಜು ಕುಟ್ಟಿದೆ. ಹಲಗಯ್ಯ ಟವಲು ಕೊಡವಿದ. ಕೊನೆಗೆ ಒಂದು ಗಡುವು ಸಿಕ್ಕಿತು. ಬೇಸಿಗೆ ರಜೆ ಕಳೆದು ಶಾಲೆ ತೆರೆಯುವ ಹಿಂದಿನ ದಿನ ಹಲಗಯ್ಯನ ಗುತ್ತಿಗೆ ಮುಗಿಯುತ್ತದೆ. ಅಷ್ಟರಲ್ಲಿ ಹೊಲದಲ್ಲಿ ಒಂದು ಬೆಳೆ ಮಾಗಿ ನಿಂತಿದ್ದರೆ ಹಳೆಯ ಬಾಕಿ ಅದರಲ್ಲಿ ಚುಕ್ತಾ ಆಗಿ ಮುಂದಿನ ಗುತ್ತಿಗೆಯೂ ಅವನಿಗೇ, ಹತ್ತನೇ ತರಗತಿಯೂ ಉಂಟು. ಇಲ್ಲದಿದ್ದರೆ ಹೊಲ ಇಟ್ಟಿಗೆಗೆ. ಚನ್ನಿಗರಾಯ ಅದಕ್ಕೊಂದು ಬಾಲ ಸೇರಿಸಿದ. ಇನ್ನು ಮುಂದೆ ಗುತ್ತಿಗೆದಾರ ಹೆಬ್ಬೆಟ್ಟು ಒತ್ತುವ ಹಾಗಿಲ್ಲ, ತನ್ನ ಹೆಸರನ್ನು ತಾನೇ ಬರೆದು ಸಹಿ ಮಾಡಬೇಕು, ವಿದ್ಯಾದತ್ತಿಗೆ ಹೆಬ್ಬೆಟ್ಟು ಶೋಭೆಯಲ್ಲ. ಶೋಭೆಯ ಚಿಂತೆ ಇಟ್ಟಿಗೆಯವನಿಗೆ! ದೇಪಣ್ಣನಿಗೆ ಅದೂ ಸರಿ ಅನ್ನಿಸಿತು.

ಬೇಸಿಗೆಯಲ್ಲಿ ಬೇಗ ಬರುವ ಬೆಳೆ ಅಂದರೆ ಹೆಸರುಕಾಳು. ರಜೆ ಮುಗಿಯುವುದರೊಳಗೆ ಕಟಾವಿಗೆ ಬರುತ್ತದೆ. ಬರುತ್ತದೆ, ಯಾರಾದರೂ ದಿನಾ ಕಲಿತರೆ. ಹಲಗಯ್ಯ ಹೆಸರು ಬಿತ್ತಿದ, ನಾನು ಬೇಸಿಗೆ ತರಗತಿ ಅಂತ ಗಂಟೆ ಬಾರಿಸಿದೆ. ಮೊದಲ ದಿನ ಮಕ್ಕಳ ಒಂದು ಹಿಂಡೇ ಬಂತು, ಎರಡನೆಯ ದಿನ ಅರ್ಧ ಹಿಂಡು. ಆಮೇಲೆ ಮಾವಿನಕಾಯಿ ಬಲಿಯಿತು, ಅಜ್ಜಿಯರ ಮನೆಗೆ ಬಸ್ಸು ಹೊರಟಿತು, ದೊಡ್ಡ ಹುಡುಗಿಯರನ್ನು ಮನೆಯವರು ಕಬ್ಬು ಕಡಿಯಲು ಕರೆದುಕೊಂಡು ಹೋದರು. ಊರಿನ ದೊಡ್ಡವರನ್ನು ಕರೆದರೆ, "ಹೊಲ ಅವನ್ದು, ನಾವ್ಯಾಕೆ ಓದಾನ?" ಅಂದರು. ಕೊನೆಗೆ ನಾನೊಬ್ಬಳೇ ಕೂತು ಗ್ರಹಣದ ಬಗ್ಗೆ ಒಂದು ದಪ್ಪ ಪುಸ್ತಕ ಓದಿದೆ. ಒಂದು ಮೊಳಕೆಯೂ ತಲೆ ಎತ್ತಲಿಲ್ಲ. ಓದಿದ್ದೆ ಅಷ್ಟೆ, ಕಲಿತಿರಲಿಲ್ಲ ಅಂತ ಕಾಣುತ್ತದೆ.

"ಇನ್ನು ಉಳಿದಿರೋದು ನೀವೇ" ಅಂದೆ ಹಲಗಯ್ಯನಿಗೆ. "ಹೇಗೂ ಸಹಿ ಮಾಡಬೇಕಲ್ಲ. ನಾಳೆಯಿಂದ ಬನ್ನಿ."

"ನಾನಾ? ಮೇಡಮ್ಮಾರೇ, ನನ್ಗೆ ಮೊಮ್ಮಕ್ಕಳವ್ರೆ."

"ಮೊಮ್ಮಕ್ಕಳು ಮಾವಿನಮರದ ಮೇಲಿದ್ದಾರೆ. ನೀವು ಬನ್ನಿ."

ಬಂದ. ಐದನೇ ತರಗತಿಯ ಬೆಂಚಿಗೆ ಅವನ ಮೊಣಕಾಲು ಹಿಡಿಸಲಿಲ್ಲ, ನೆಲದ ಮೇಲೆ ಕೂತ. ಆ ಕೋಣೆಯ ಕಿಟಕಿಯಿಂದ ಹೊಲ ಪೂರ್ತಿ ಕಾಣುತ್ತದೆ. ಅಷ್ಟು ವರ್ಷ ಅದೇ ಕಿಟಕಿಯ ಆಚೆ ಬೀಡಿ ಸೇದುತ್ತ ಕೂತವನಿಗೆ ವರ್ಣಮಾಲೆ ಬಾಯಿಪಾಠವಾಗಿಯೇ ಇತ್ತು. ಬಾಯಿಪಾಠಕ್ಕೆ ಹೊಲ ಕ್ಯಾರೇ ಅನ್ನಲಿಲ್ಲ. ಸ್ಲೇಟು ಹಿಡಿದು ಬರೆಯಲು ಶುರು ಮಾಡಿದ ಮೇಲೆ ಮೊಳಕೆ ಮೇಲೆದ್ದಿತು. ಕಕಾರದಿಂದ ಮುಂದೆ ಎರಡೆಲೆ, ನಾಲ್ಕೆಲೆ. ಮಹಾಪ್ರಾಣಗಳನ್ನು ಕೆಮ್ಮಿ ಕೆಮ್ಮಿ ದಾಟಿದ. ಬೆಳಗ್ಗೆ ಹೊಲ ನೋಡಿಕೊಂಡೇ ಬರುತ್ತಿದ್ದವನು, "ಇವತ್ತು ಎಲ್ಡಕ್ಸರ ಜಾಸ್ತಿ ಏಳ್ಕೊಡಿ, ತೆಂಕ್ಲು ಕಡೆ ವಸಿ ಇಂದೆ ಬಿದ್ದದೆ" ಅನ್ನುತ್ತಿದ್ದ, ನಾನೇನೋ ಅವನಿಗೆ ಗೊಬ್ಬರ ಅಳೆದು ಕೊಡುವವಳು ಅನ್ನುವ ಹಾಗೆ. ಕಲಿತ ಅಕ್ಷರದ ಬಗ್ಗೆ ಒಂದು ಸಂತೋಷ ಬೇಡವೆ? ಎಲೆ ಎಣಿಸುವುದೊಂದೇ ಸಂತೋಷ. ಆದರೂ ಶ, ಷ, ಸ ಮುಗಿಯುವ ಹೊತ್ತಿಗೆ ಹೊಲದ ತುಂಬ ಹಳದಿ ಹೂ ಬಂತು. ಆ ದಿನ ನಾನು ಚೆಲುವಾಜಿಯ ಮನೆ ಮುಂದಿನ ದಾರಿಯಲ್ಲೇ ನಡೆದು ಹೋದೆ.

ಆಮೇಲೆ ಹ ಬಂತು.

"ಹ" ಅಂದೆ.

"ಅ" ಅಂದ.

"ಅ ಅಲ್ಲ. ಹ."

"ಅದ್ನೇ ನಾನೂ ಅಂದುದ್ದು. ಅ."

ಒಂದು ದಿನ ಹೋಯಿತು. ವಾರ ಹೋಯಿತು. ಹೂ ಹೂವಾಗಿಯೇ ನಿಂತಿತು. ನಾನು ಅವನ ಕೈ ಹಿಡಿದು ಬರೆಸಿದೆ, ಗದರಿದೆ, ಬೆಲ್ಲದ ಆಸೆ ತೋರಿಸಿದೆ. ಕಪ್ಪುಹಲಗೆಯ ಮೇಲೆ ದೊಡ್ಡದಾಗಿ 'ಹಲಗೆ' ಅಂತ ಬರೆದು, "ನೋಡಿ, ಇದು ಹಲಗೆ. ನಿಮ್ಮ ಹೆಸರು ಇದರಲ್ಲೇ ಇದೆ. ಹಲಗೆಯ ಹ, ಹಲಗಯ್ಯನ ಹ" ಅಂದೆ.

"ನನ್ನೆಸ್ರು ಅಲಗಯ್ಯ" ಅಂದ ಅವನು.

"ಅದೇ! ಹ-ಲ-ಗ-ಯ್ಯ!"

"ಅದಲ್ಲ ಕನಿ. ಅಲಗಯ್ಯ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ತನ್ನ ಹೆಸರಿನ ಮೊದಲ ಅಕ್ಷರವನ್ನೇ ಒಲ್ಲೆ ಅನ್ನುವ ಮನುಷ್ಯನಿಗೆ ಏನು ಹೇಳುವುದು? ಅವನಿಗೂ ರೇಗಿತು. "ಈ ಅ ಒಂದ್ನ ಬುಟ್ಟು ಮುಂದ್ಕೋಗಿ ಮೇಡಮ್ಮಾರೇ. ಊ ಉದುರೋಯ್ತದೆ" ಅಂದ. ಬಿಟ್ಟು ಮುಂದೆ ಹೋಗಬಹುದಿತ್ತು, ಉಳಿದದ್ದು ಳ ಒಂದೇ, ಆಮೇಲೆ ಕಾಗುಣಿತ. ಆದರೆ ನಾನು ಯಾವ ಮಗುವನ್ನೂ ಹ ದಾಟಿಸದೆ ಮುಂದೆ ಕಳಿಸಿದವಳಲ್ಲ. "ಹ ಬರದೆ ಮುಂದಕ್ಕೆ ಹೋಗೋ ಹಾಗಿಲ್ಲ" ಅಂದೆ. ಅವನು ಸ್ಲೇಟು ಕುಕ್ಕಿ ಎದ್ದು ಹೋದ. ಕಿಟಕಿಯ ಆಚೆ ಚನ್ನಿಗರಾಯ ಇಬ್ಬರನ್ನು ಕರೆದುಕೊಂಡು ಬಂದು ಹೊಲದ ಮೂಲೆಯಲ್ಲಿ ಗುಣಿ ತೋಡಿಸಿ, ಮಣ್ಣನ್ನು ಅಂಗೈಯಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದ. ಉಂಡೆ ಚೆನ್ನಾಗಿಯೇ ಕಟ್ಟಿತು. ಅದನ್ನು ನೋಡಿ ಹಲಗಯ್ಯ ಮಾರನೆಯ ದಿನ ತಾನಾಗಿ ತಿರುಗಿ ಬಂದ.

ಹ ಅಂದರೆ ಉಸಿರು ಹೊರಗೆ ಬರಬೇಕು ಅನ್ನುವುದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸೋಣ ಅಂತ ನಾನು ಸೀಮೆಸುಣ್ಣದ ಪುಡಿ ತುಂಬಿದ ಡಸ್ಟರನ್ನು ಬಾಯಿಯ ಮುಂದೆ ಹಿಡಿದೆ. "ಅ ಅಂದರೆ ಪುಡಿ ಹಾರಲ್ಲ. ನೋಡಿ ಈಗ, ಹ!" ಅಂತ ಜೋರಾಗಿ ಅಂದೆ. ಪುಡಿ ಹಾರಿತು. ಹಾರಿದ್ದೆಲ್ಲ ನನ್ನ ಮುಖಕ್ಕೇ ಬಂತು. ಕಣ್ಣು, ಮೂಗು, ತಲೆಗೂದಲು ಎಲ್ಲ ಬೆಳ್ಳಗಾಗಿ ಕೆಮ್ಮುತ್ತ ನಿಂತೆ. ಹಲಗಯ್ಯ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. ಹಹ್ಹಹ್ಹಾ, ಹಹ್ಹಹ್ಹಾ.

"ಅದೇ!" ಅಂತ ಕೂಗಿದೆ. "ನಿಲ್ಲಿಸಬೇಡಿ! ಅದೇ ಹ!"

ನಗು ನಿಂತಿತು. ಅವನು ತನ್ನ ಬಾಯಿಯನ್ನೇ ಮುಟ್ಟಿ ನೋಡಿಕೊಂಡ. "ಹ" ಅಂದ. ಇನ್ನೊಮ್ಮೆ "ಹ" ಅಂದ. ಅಂಗೈ ಅಡ್ಡ ಹಿಡಿದು ಉಸಿರು ತಾಗುತ್ತದೋ ಇಲ್ಲವೋ ನೋಡಿದ. "ಹೊ…ಲ" ಅಂದ. ಕಿಟಕಿಯ ಹತ್ತಿರ ಹೋಗಿ ಹೊಲಕ್ಕೇ ಕೇಳಿಸುವ ಹಾಗೆ ಅಂದ. ನನಗೆ ಅಳು ಬಂತು, ಅರ್ಧ ಸುಣ್ಣದ ಪುಡಿಗೆ, ಅರ್ಧ ಸಂತೋಷಕ್ಕೆ. ಮಾರನೆಯ ಬೆಳಗ್ಗೆ ಪ್ರತಿ ಹೂವಿನ ಬುಡದಲ್ಲೂ ಎಳೆಯ ಕಾಯಿ ಇತ್ತು.

ಎರಡು ದಿನ ಅವನು ಕಂಡದ್ದಕ್ಕೆಲ್ಲ ಹ ಹಚ್ಚಿದ. ಹಕ್ಕ, ಹಣ್ಣ, ಹಂಬಲಿ. ದೇಪಣ್ಣನನ್ನು "ಹಧ್ಯಕ್ಷರೇ" ಅಂದು ಅವನು ಮುಖ ಸಿಂಡರಿಸುವ ಹಾಗೆ ಮಾಡಿದ. ಆಮೇಲೆ ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ ಅನ್ನುವುದು ಹದಕ್ಕೆ ಬಂತು. ಇಡೀ ಊರಿನ ಎಲ್ಲ ಮಾತಿಗೂ ಹ ಹಚ್ಚಿದ ಆ ಎರಡು ದಿನದಲ್ಲೂ ತನ್ನ ಹೆಸರೊಂದಕ್ಕೆ ಮಾತ್ರ ಹಚ್ಚಲಿಲ್ಲ. ನನ್ನ ಹೊಟ್ಟೆ ಉರಿಸಲಿಕ್ಕೇ ಹೀಗೆ ಮಾಡುತ್ತಾನೆ ಅಂದುಕೊಂಡೆ. ಕಾಗುಣಿತ, ಒತ್ತಕ್ಷರ ಎಲ್ಲ ಸರಾಗ ನಡೆದು ಕಾಯಿ ತುಂಬಿಕೊಂಡವು. ಇನ್ನೇನು ಮಾಗುವುದೊಂದು ಬಾಕಿ ಅನ್ನುವಾಗ, ಗಡುವು ಹತ್ತಿರ ಬಂತಲ್ಲ ಅಂತ, ನಾನು ಸಹಿ ಅಭ್ಯಾಸ ಹಿಡಿಸಿದೆ.

ಅವನು 'ಅಲಗಯ್ಯ' ಅಂತ ಬರೆದ. ನಾನು ಅಳಿಸಿ 'ಹಲಗಯ್ಯ' ಅಂತ ಬರೆದುಕೊಟ್ಟೆ. ತಿರುಗಿ 'ಅಲಗಯ್ಯ' ಬರೆದ. ತಿರುಗಿ ಅಳಿಸಿದೆ. "ಹ ಬರುತ್ತಲ್ಲ ನಿಮಗೆ ಈಗ! ಇನ್ನೂ ಯಾಕೆ ಹಠ?" ಅಂತ ಕಿರುಚಿದೆ. "ಹೇಳುದ್ರೆ ಕೇಳಾಕಿಲ್ಲ ನೀವು" ಅಂದು ತಲೆ ತಗ್ಗಿಸಿ ನಾನು ಬರೆದುಕೊಟ್ಟದ್ದರ ಮೇಲೆ ಸುಮ್ಮನೆ ಬಳಪ ತಿದ್ದಿದ. ಹಾಗೆ ದಿನವಿಡೀ ತಿದ್ದಿಸಿದೆ, ಮಾರನೆಯ ದಿನವೂ ತಿದ್ದಿಸಿದೆ. ಹೆಸರು ಬರೆಸಿದ ದಿನ ಹೆಸರು ಬೆಳೆಯಲಿಲ್ಲ. ಕಾಯಿಗಳು ಹಸಿರಾಗಿಯೇ ನಿಂತವು. ಮನುಷ್ಯ ತನ್ನ ಹೆಸರು ಬರೆಯಲು ಕಲಿಯುವುದಕ್ಕಿಂತ ದೊಡ್ಡ ಕಲಿಕೆ ಯಾವುದಿದೆ, ಈ ದರಿದ್ರ ಹೊಲಕ್ಕೆ ಇನ್ನೇನು ಬೇಕು ಅಂತ ಬದುವಿನ ಮೇಲೆ ನಿಂತು ಬೈದೆ. ಹೊಲ ಅದಕ್ಕೂ ಜಗ್ಗಲಿಲ್ಲ.

ಗಡುವಿನ ದಿನ ಸಮಿತಿ ಅದೇ ಐದನೇ ತರಗತಿಯ ಕೋಣೆಯಲ್ಲಿ ಸೇರಿತು. ನೋಡಲು ಊರೇ ಬಂದಿತ್ತು. ಚೆಲುವಾಜಿ ಅವಳಪ್ಪನ ಪಕ್ಕದಲ್ಲಿ ಬಾಗಿಲಿಗೆ ಒರಗಿ ನಿಂತಿದ್ದಳು, ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ದೇಪಣ್ಣ ಕಿಟಕಿಯಿಂದ ಬಗ್ಗಿ ನೋಡಿದ. "ಹಸಿರು ಕಾಯಿ ಮೇಡಂ. ಇದನ್ನ ಕಿತ್ತು ಏನ್ ಮಾಡೋದು, ಪಲ್ಯವೇ?" ಅಂದ. ಚನ್ನಿಗರಾಯ ಜೇಬಿನಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಇಟ್ಟುಕೊಂಡಿದ್ದ.

"ಮೊದಲು ಸಹಿ ಆಗಲಿ" ಅಂದೆ. ಹೇಗಾದರೂ ಹೊತ್ತು ತಳ್ಳಬೇಕಿತ್ತು. "ಸಹಿ ಬರುತ್ತೆ ಅಂತ ನೀವೇ ನೋಡಿ. ಕಾಯಿ ಇವತ್ತಲ್ಲ ನಾಳೆ ಮಾಗುತ್ತೆ." ಗುತ್ತಿಗೆ ಪತ್ರವನ್ನು ಹಲಗಯ್ಯನ ಮುಂದೆ ಇಟ್ಟು, ಎಲ್ಲಿ ಬರೆಯಬೇಕು ಅಂತ ಬೆರಳಿಟ್ಟು ತೋರಿಸಿದೆ.

"ಇರಿ. ಓದ್ತೀನಿ" ಅಂದ.

"ಓದೋದೇನು ಬೇಡ, ಬರೀರಿ!"

"ಓದಾಕೆ ಕಲಿಸ್ದೋರು ನೀವೇ" ಅಂದು ಬೆರಳು ಸರಿಸುತ್ತ ಓದಿದ. ಅವನು ಓದುವುದನ್ನು ಊರು ಕೇಳಿದ್ದು ಅದೇ ಮೊದಲು. "ವಿದ್ಯಾ…ದತ್ತಿಯ… ಹೊಲ…ವನ್ನು… ಹಲ…ಗಯ್ಯ… ಎಂಬು…ವರಿಗೆ…" ಬೆರಳು ನಿಂತಿತು. ತಲೆ ಎತ್ತಿದ. "ಇದ್ಯಾರು ಹಲಗಯ್ಯ?"

ಹಕಾರ ಎಷ್ಟು ಸ್ವಚ್ಛವಾಗಿತ್ತೆಂದರೆ ನನಗೆ ಹೆಮ್ಮೆಯಾಯಿತು. ಅದರ ಹಿಂದೆಯೇ ಕೋಪ ನೆತ್ತಿಗೇರಿತು. "ನೀವೇ ಕಣ್ರೀ! ಇನ್ಯಾರು?"

"ನಾನು ಅಲಗಯ್ಯ."

ಕೋಣೆಯೆಲ್ಲ ನಕ್ಕಿತು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಮೇಡಂ?" ಅಂದ ದೇಪಣ್ಣ.

ಅವನು ಎದ್ದು ನಿಂತ. ಮಕ್ಕಳು ಪಾಠ ಒಪ್ಪಿಸುವಾಗ ಕಟ್ಟುವ ಹಾಗೆ ಕೈ ಕಟ್ಟಿಕೊಂಡ. "ಹೊಲ. ಹಾಲು. ಹಬ್ಬ. ಹರಾಜು" ಅಂದ. ಒಂದೊಂದಕ್ಕೂ ಅಂಗೈ ಅಡ್ಡ ಹಿಡಿದು ಉಸಿರು ತೋರಿಸಿದ. ಕಪ್ಪುಹಲಗೆಯ ಕಡೆ ತಿರುಗಿದ. "ಹಲಗೆ. ಅಗೋ, ಗೋಡೆ ಮ್ಯಾಲದೆ. ನಾನು ಹಲಗೆ ಅಲ್ಲ, ಅಲಗು. ಕತ್ತಿ ಅಲಗು. ನಮ್ಮವ್ವ ಅಲಗಿನ ದ್ಯಾವ್ರಿಗೆ ಹರಕೆ ಹೊತ್ತು ನನ್ನ ಹೆತ್ತಿದ್ದು. ಅದ್ಕೇ ಅಲಗಯ್ಯ. ಅಲಗಯ್ಯ ಅಲಗಯ್ಯ ಅಂತ ಮೊದ್ಲಿಂದ್ಲೂವೆ ಹೇಳ್ತಾನೇ ಇವ್ನಿ. ನೀವು ಹಲಗಯ್ಯ ಅಂತ್ಲೇ ಕೇಳಿಸ್ಕತಿದ್ರಿ. ಅದ್ರಲ್ಲಿ ಹ ಇಲ್ಲ ಅನ್ನಾಕೆ ನನ್ ತಾವ ಹ ಇರ್ನಿಲ್ಲ. ಈಗ ಅದೆ. ಈಗ ಹೇಳ್ತಾ ಇವ್ನಿ, ಇಲ್ಲ."

ಯಾರೂ ನಗಲಿಲ್ಲ. ಅವನು ಸ್ಲೇಟಿನ ಮೇಲೆ ಬರೆದ ಅವನ ಹೆಸರನ್ನು ನಾನು ಎಷ್ಟು ಸಲ ಅಳಿಸಿದ್ದೆ ಅನ್ನುವುದು ನೆನಪಾಗಿ ಮುಖ ಬಿಸಿಯಾಯಿತು. ನಾಚಿಕೆಯಾಯಿತು, ನಿಜ. ಅದರ ಜೊತೆಗೇ, ಅವ್ವನ ಹರಕೆಯ ಕಥೆಯನ್ನು ಹೂ ನಿಂತಾಗಲೇ ಹೇಳಲು ಈ ಮಹಾರಾಯನಿಗೆ ಏನು ಧಾಡಿಯಾಗಿತ್ತು ಅಂತ ಸಿಟ್ಟೂ ಬಂತು. ಆಗ ಹೇಳಿದ್ದರೂ 'ಅರಕೆ' ಅಂತ ಹೇಳಿರುತ್ತಿದ್ದ, ನಾನು ಮೊದಲು ಅದನ್ನು ತಿದ್ದಲು ಕೂರುತ್ತಿದ್ದೆ.

"ಪತ್ರ ಹೊಸದಾಗಿ ಬರೆಯಬೇಕಾಗುತ್ತೆ. ಅಷ್ಟು ಹೊತ್ತು ಕಾಯೋದಕ್ಕೆ…" ಅಂತ ಚನ್ನಿಗರಾಯ ಶುರು ಮಾಡಿದ.

"ಬೇಕಾಗಿಲ್ಲ" ಅಂದೆ. ಪೆನ್ನು ತೆಗೆದುಕೊಂಡು ಪತ್ರದಲ್ಲಿ ಹ ಇದ್ದ ಕಡೆಯೆಲ್ಲ ಗೀಟು ಎಳೆದು ಅ ಬರೆದೆ, ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಓದಿದೆ. "ಅಲಗಯ್ಯ." ಬೆಂಚುಗಳ ಮೇಲಿದ್ದವರು ಒಬ್ಬೊಬ್ಬರಾಗಿ ಅದನ್ನು ಬಾಯಲ್ಲಿ ಹೇಳಿ ನೋಡಿಕೊಂಡರು. "ಅಲಗಯ್ಯ." "ಅಲಗಯ್ಯ ಅಂತೆ." ದೇಪಣ್ಣ ಕೂಡ ಅಂದ. ಅವನು ಕೂತು, ನಾಲಗೆಯ ತುದಿ ಕಚ್ಚಿಕೊಂಡು, ನಿಧಾನವಾಗಿ ತನ್ನ ಹೆಸರು ಬರೆದ.

ಹೊರಗೆ ಚಟ್ ಅಂತ ಸದ್ದಾಯಿತು. ಮತ್ತೆ ಚಟ್, ಚಟಚಟ. ಹೆಸರು ಚೆನ್ನಾಗಿ ಒಣಗಿದಾಗ ಸಿಪ್ಪೆ ಸಿಡಿಯುವ ಸದ್ದು. ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಬಡಗಣ ಸಾಲಿನಿಂದ ಹಿಡಿದು ಕಾಯಿಗಳು ಕಪ್ಪಾಗುತ್ತ ಬರುತ್ತಿದ್ದವು. ಒಬ್ಬರು ಕಲಿತರೆ ಹೊಲ ಬೆಳಗಿನವರೆಗೆ ಹೊತ್ತು ತೆಗೆದುಕೊಳ್ಳುತ್ತದೆ. ಅಲ್ಲಿ ಇಡೀ ಸಮಿತಿ ಕಲಿತಿತ್ತು, ಅದರ ಕಾರ್ಯದರ್ಶಿಯೂ ಸೇರಿ. ಚೆಲುವಾಜಿಯ ಅಪ್ಪ ಟವಲನ್ನು ತಲೆಗೆ ಸುತ್ತಿಕೊಂಡು ಕಾಯಿ ಬಿಡಿಸಲು ಹೊಲಕ್ಕೆ ಇಳಿದ. ಚೆಲುವಾಜಿ ಅವನನ್ನು ದಾಟಿಕೊಂಡು ಓಡಿದಳು. ಚನ್ನಿಗರಾಯ ಪೆನ್ನಿನ ಮುಚ್ಚಳ ಹಾಕಿದ. ನಾನು ಬೆಂಚಿನ ಮೇಲೆ ಕೂತೆ.

"ಮೇಡಮ್ಮಾರೇ" ಅಂದ ಅವನು, ಪತ್ರದ ಮೇಲಿನ ಶಾಯಿಗೆ ಉಫ್ ಅಂತ ಊದುತ್ತ. "ನೀವೂ ವಸಿ ಕಲುತ್ರಿ ಇವತ್ತು. ಅದ್ರ ಫೀಜು ಗುತ್ಗೇಲಿ ಕಳೀರಿ."

ಕಳೆಯಲಿಲ್ಲ. ಹತ್ತನೇ ತರಗತಿ ಮಾರನೆಯ ದಿನವೇ ಶುರುವಾಯಿತು. ಭಿನ್ನರಾಶಿ ಅಂದರೆ ಹೊಲ ಈಗಲೂ ಮಕಾಡೆ ಮಲಗುತ್ತದೆ. ಮೊನ್ನೆ ನೆಗಡಿಯಾಗಿ ಒಂದು ದಿನ ಮನೆಯಲ್ಲಿ ಉಳಿದೆ, ಬೆಳಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಅವನೇ. ಅಷ್ಟು ವರ್ಷದ ಅಭ್ಯಾಸ, ನಾಲಗೆ ಎಲ್ಲಿ ಕೇಳುತ್ತದೆ? "ಏನ್ರೀ ಹಲ…" ಅಂದುಬಿಟ್ಟೆ.

ಅವನು ಕಾಫಿ ಲೋಟಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಅ" ಅಂದ.

"ಗೊತ್ತು ಕಣ್ರೀ, ಬಾಯಿ ತಪ್ಪಿ ಬಂತು. ಮೊದಲು ಕಾಫಿ ಕುಡೀರಿ, ಆರಿಹೋಗುತ್ತೆ."

"ಅ, ಮೇಡಮ್ಮಾರೇ. ಬಾಯ್ ತುಂಬ ಅನ್ನಿ. ಅ ಬರ್ದೆ ಮುಂದಕ್ಕೆ ಹೋಗೋ ಹಂಗಿಲ್ಲ."